ಹನಮೇಶನ ರಾಶಿಗೆ ಬೆಂಗೇರಿ ಓಟು

ಹುಬ್ಬಳ್ಳಿ ಬೆಂಗೇರಿಯಾಗ ನಿಂತು ಹನಮೇಶ ಎಲ್ಲಿರತಾನ ಅಂತ ಕೇಳಿದ್ರ ಮಂದಿ ತಲಿ ಕೆರಕೋತಿದ್ರು. ರೊಟ್ಟಿ ದೇವಕ್ಕನ ಮಗ ಅಂದ್ರ ಮಾತ್ರ, "ಓ, ಆ ಕಂಪ್ಯೂಟರ್ ಮುಂದ ಬಾಯಿ ತಕ್ಕೊಂಡು ಕುಂದರತಾನಲ್ಲ, ಅಂವನೇನು?" ಅಂತಿದ್ರು. ಹೌದು, ಅಂವನ. ವಯಸ್ಸು ಮೂವತ್ತರ ಸನೇಕ ಬಂದಿತ್ತು. ಲಗ್ನ ಇಲ್ಲ, ನೌಕರಿ ಅನ್ನೋವಂಥಾ ನೌಕರಿ ಇಲ್ಲ. ಡಿಪ್ಲೊಮಾದಾಗ ಒಂದು ಗಣಿತದ ಪೇಪರ್ ಉಳಕೊಂಡಿತ್ತು, ಅದು ಪಾಸಾಗವಲ್ದು, ಇಂವ ಅದನ್ನ ಬಿಡವಲ್ಲ.

ಅವರವ್ವ ದೇವಕ್ಕ ಉಪ್ಪಿನಬೆಟಗೇರಿಯಾಕಿ. ಗಂಡ ತೀರಿಕೊಂಡ ಮ್ಯಾಲ ಮಗನ್ನ, ಮಗಳು ಕಾವೇರಿನ್ನ ಕರಕೊಂಡು ಬೆಂಗೇರಿಗೆ ಬಂದು, ಖಾನಾವಳಿಗೋಳಿಗೆ ರೊಟ್ಟಿ ಬಡದು ಕೊಡಾಕ ಕುಂತಾಕಿ. ಮಗನ ಬಗ್ಗೆ ಯಾರರ ಚ್ಯಾಷ್ಟಿ ಮಾಡಿದ್ರ ಹಿಟ್ಟು ಹತ್ತಿದ ಕೈ ಹಂಗ ಎತ್ತಿಕೊಂಡು ಅವರ ಮ್ಯಾಲ ಹೋಗತಿದ್ಲು. ಒಳಗೊಳಗ ಮಾತ್ರ ಅಕಿಗೂ ಅದ ಚಿಂತಿ. ಈ ಹುಡುಗ ಮುಂದ ಏನಾಗತಾನ ಅಂತ ರೊಟ್ಟಿ ತಿರುವಿದಾಗೊಮ್ಮೆ ಕಾವೇರಿನ್ನ ಕೇಳ್ತಿದ್ಲು. ಕಾವೇರಿ ಕಾಲೇಜ ಮುಗಿಸಿದಾಕಿ, ಟೈಪಿಂಗ್ ಬಲ್ಲಾಕಿ, ಬಾಯಿ ಚುರುಕ. "ಏನರ ಆಗ್ಲೇಳ ಯವ್ವಾ, ಸದ್ಯಕ್ಕ ಊಟಕ್ಕರ ಮನಿಗೆ ಬರ್ಲಿ," ಅಂತಿದ್ಲು.

ಊಟಕ್ಕ ಬರೂದ ಕಠಿಣ ಆಗಿತ್ತು ನೋಡ್ರಿ. ಗುಲಾಬಸಾಬ ಅನ್ನಾಂವ ತನ್ನ ಸೈಕಲ್ ಅಂಗಡಿ ಮುಚ್ಚಿ, ಅದ ಜಾಗಾದಾಗ ಪ್ಲೈವುಡ್ಡಿನ ಖೋಲಿ ಮಾಡಿ ಸೈಬರ್ ಕೆಫೆ ತಗದಿದ್ದ. ಸೈಕಲ್ಲಿನ ಹೊರತು ಅವಂಗ ಏನೂ ತಿಳೀತಿದ್ದಿಲ್ಲ. ಅದಕ್ಕ ಹನಮೇಶನ್ನ ಕುಂದರಿಸಿಕೊಂಡ. ಮಂದಿಗೆ ರಿಸಲ್ಟ್ ತಗದು ಕೊಡೂದು, ಫೋಟೋ ಹಚ್ಚಿ ಅರ್ಜಿ ತುಂಬೂದು, ಪ್ರಿಂಟ್ ಹೊಡಿಯೂದು, ಇದ ಕೆಲಸ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಹನಮೇಶ ತನ್ನದ ಒಂದು ಪ್ರೋಗ್ರಾಮ್ ಬರಕೋತ ಕುಂದರತಿದ್ದ. ಯಾರೂ ಕಲಿಸಿದ್ದಲ್ಲ. ಒಂದು ಕಡೆ ತಪ್ಪಿದ್ರ ಇನ್ನೊಂದು ಕಡೆ ತಿದ್ದಿ, ಹುಡುಕಿ ಓದಿ, ಹಂಗ ಕಲತಿದ್ದು.

ಎರಡು ಸಾವಿರದ ಆರು, ಏಳನೇ ಇಸ್ವಿ ಇರಬೇಕು. ಪರದೇಶದ ಒಂದು ಸೈಟು ಅವನ ತಲಿಗೆ ಹತ್ತಿಕೊಂಡ್ತು. ಅದು ಎಂಥಾದ್ದಪ ಅಂದ್ರ, ನಮ್ಮ ಗುಡಿ ಕಟ್ಟಿ ಇದ್ದಂಗ. ಎಲ್ಲೆಲ್ಲಿಂದೋ ಮಂದಿ ಸುದ್ದಿ ತಂದು ಅಲ್ಲಿ ಹಚ್ಚತಾರ. ಉಳದವರು ಓದಿ, ಛಲೋ ಐತಿ ಅನಿಸಿದ್ರ ಬಾಜೂಕಿನ ಬಾಣದ ಗುರ್ತು ಒತ್ತತಾರ. ಆ ಒತ್ತಿದ್ದ ಒಂದು ಓಟು. ಓಟು ಬಿದ್ದಂಗ ಸುದ್ದಿ ಮ್ಯಾಲೇರತೈತಿ, ಓಟು ಬೀಳಲಿಲ್ಲಂದ್ರ ತಳಾ ಸೇರತೈತಿ. ಯಾರು ಯಾವುದಕ್ಕ ಒತ್ತಿದ್ರು ಅನ್ನೂದೂ ಮುಚ್ಚುಮರಿ ಇಲ್ಲ, ಎಲ್ಲಾರಿಗೂ ಕಾಣತೈತಿ. ಆ ಲೆಕ್ಕಾನ ಹೊರಗಿನವರು ಯಾರಬೇಕಾದ್ರೂ ತಗೊಂಡು ತಮಗ ಬೇಕಾದ ಪ್ರೋಗ್ರಾಮಿನ ಸಾಮಾನು ಮಾಡಿಕೋಬಹುದು ಅಂತ ಆ ಸೈಟಿನವರು ಬಾಗಲಾ ತಗದಿಟ್ಟಿದ್ರು.

ಹನಮೇಶ ಅದರ ಮ್ಯಾಲ ಒಂದು ಚಿತ್ರ ಕಟ್ಟಿದ. ಚಿತ್ರ ಅಂದ್ರ ಸುಮ್ನ ನಿಂತಿದ್ದಲ್ಲ, ಅಲ್ಲಿ ನಡದದ್ದನ್ನ ಆಗಿಂದಾಗ ತೋರಸೂವಂಥಾದ್ದು. ಕರೀ ಪರದೆಮ್ಯಾಲ ಒಂದೊಂದು ಓಟು ಒಂದೊಂದು ಜೋಳದ ಕಾಳಿನಂಗ ಮ್ಯಾಲಿಂದ ಬಿದ್ದು, ತಂತಮ್ಮ ಸುದ್ದಿ ಹತ್ತರ ಗುಡ್ಡೆ ಆಗತಿದ್ದವು. ಬ್ಯಾರೆ ಬ್ಯಾರೆ ಮಂದಿ ಒತ್ತಿದ್ರ ಕಾಳು ಬೆಳ್ಳಗ, ಹರಡಿಕೊಂಡು ಬೀಳತಿದ್ದವು. ಒಂದ ಟೋಳಿ ಕೂಡೇ ಬಂದು ಒತ್ತಿದ್ರ ಆ ಕಾಳು ಒಂದಕ್ಕೊಂದು ಅಂಟಿಕೊಂಡು ಕೆಂಪಗ ಗಂಟಾಗತಿದ್ದವು. ಸಣ್ಣಾವಿದ್ದಾಗ ಉಪ್ಪಿನಬೆಟಗೇರಿ ಕಣದಾಗ ಜೋಳದ ರಾಶಿ ನೋಡಿದ್ದು ಅವನ ಕಣ್ಣಾಗಿತ್ತು. ಅದಕ್ಕ ರಾಶಿ ಅಂತ ಹೆಸರಿಟ್ಟ.

ಮಂದಿ ನೋಡಿದ್ರಪಾ! ಯಾವ್ಯಾವ ದೇಶದವರೋ ಅವಂಗ ಬರದ್ರು. ಒಬ್ಬಾಂವಂತೂ, ದಿನಾ ಮುಂಜಾನೆದ್ದು ಮೊದಲ ನಿನ್ನ ರಾಶಿ ನೋಡತೇನಿ ಅಂತ ಬರದಿದ್ದ. ಹನಮೇಶ ಅದನ್ನ ಪ್ರಿಂಟ್ ತಗದು ಅವ್ವಗ ಓದಿ ಹೇಳಿದ.

"ಅದಕ್ಕೇನು ಕೊಡತಾರ?" ಅಂದ್ಲು ದೇವಕ್ಕ.

"ಏನೂ ಇಲ್ಲ."

"ಮತ್ತ ಯಾಕ ಬರದಾರ?"

"ಛಲೋ ಐತಿ ಅಂತ ಬರದಾರ ಯವ್ವಾ."

ದೇವಕ್ಕ ರೊಟ್ಟಿ ಬಡಿಯೂದು ಬಿಟ್ಟು ಆ ಹಾಳಿ ಇಸಕೊಂಡು ನೋಡಿದ್ಲು. ಅಕಿಗೆ ಓದಾಕ ಬರತಿದ್ದಿಲ್ಲ. ಆದ್ರೂ ತನ್ನ ಮಗನ್ನ ಛಲೋ ಅಂದವರನ್ನ ಅಕಿ ಅಲ್ಲಿತನಕ ಕಂಡಿದ್ದಿಲ್ಲ. ಕಣ್ಣಾಗ ನೀರು ಬಂತು, ಹೊಗಿ ಭಾಳ ಆಗೇತಿ ಅಂದ್ಲು.

ಅದರ ಮ್ಯಾಲ ಇನ್ನೊಂದಾತು. ಒಂದು ಟೋಳಿ ಆ ಸೈಟಿನ್ಯಾಗ ಸುಳ್ಳ ಹೆಸರು ಮಾಡಿಕೊಂಡು ತಮ್ಮ ಸುದ್ದಿಗೆ ತಾವ ಓಟು ಹಾಕ್ಕೋತಿತ್ತು. ರಾಶಿಯಾಗ ಅದು ಕೆಂಪ ಗಂಟಾಗಿ ಕಂಡ್ತು. ಹನಮೇಶ ಆ ಚಿತ್ರ ತಗದು ಸೈಟಿನವರಿಗೆ ಕಳಿಸಿದ. ಅವರು ಆ ಹೆಸರೆಲ್ಲಾ ಅಳಿಸಿ, ಇವಂಗ ಉಪಕಾರ ಆತು ಅಂತ ಬರದ್ರು. ಗುಲಾಬಸಾಬ ಅವತ್ತ ಪೇಢೆ ತಂದು ಓಣಿಗೆಲ್ಲಾ ಹಂಚಿದ. "ನಮ್ಮ ಹನಮ್ಯಾ ಪರದೇಶದ ಕಳ್ಳರನ್ನ ಇಲ್ಲಿ ಕುಂತ ಹಿಡದ," ಅಂತ ಹಿಟ್ಟಿನ ಗಿರಣಿ ಮೈಲಾರಪ್ಪನ ಮುಂದ ಹೇಳಿದ. ಮೈಲಾರಪ್ಪ ಅದನ್ನ ಗಿರಣಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ. ಸುಡ್ಲಿ, ಆ ಪೇಢೆ ತಿಂದಾವರಿಗೆ ಮುಂದಿನದು ಏನ ಗೊತ್ತು!

ಒಂದು ದಿನ ಸೈಟಿನವರು ಹೊಸಾ ಕಾನೂನು ಹಾಕಿದ್ರು. ಹೊರಗಿನವರು ಮಾಡಿದ ಸಾಮಾನು ಭಾಳ ಆಗ್ಯಾವ, ಎಲ್ಲಾಕೂ ಲೆಕ್ಕಾ ಕೊಡೂದು ನಮಗ ಆಗವಲ್ದು. ನಿಮ್ಮ ನಿಮ್ಮದನ್ನ ತಂದು ಸೈಟಿನ್ಯಾಗ ಹಚ್ಚರಿ. ಮಂದಿ ಓಟು ನೋಡಿ, ನಮಗ ಛಲೋ ಕಂಡಾವನ್ನಷ್ಟ ಇಟ್ಟಕೋತೀವಿ. ಉಳದಾವಕ್ಕ ಬರೂ ಶನಿವಾರದಿಂದ ಬಾಗಲಾ ಮುಚ್ಚತೀವಿ. ಬಾಗಲಾ ಮುಚ್ಚಿದ್ರ ರಾಶಿಗೆ ಕಾಳ ಬೀಳಂಗಿಲ್ಲ. ಕರೀ ಪರದೆ ಅಷ್ಟ ಉಳೀತೈತಿ.

ಹನಮೇಶ ರಾಶಿನ್ನ ಹಚ್ಚಿದ. ಒಂದು ಓಟು ಬಿತ್ತು, ಇನ್ನೊಂದು ಬಿತ್ತು, ಮುಂದ ಎಲ್ಲಾ ತಣ್ಣಗ. ಉಳದವರಿಗೆ ಅಲ್ಲಿ ಗೆಳ್ಯಾರಿದ್ರು, ಗೆಳ್ಯಾರಿಗೆ ಗೆಳ್ಯಾರಿದ್ರು. ಇವನ ರಾಶಿ ದಿನಾ ನೋಡತಿದ್ದ ಮಂದಿ ಸಹಿತ ನೋಡಿ ಹೋಗತಿದ್ರ ಹೊರತು ಬಾಣ ಒತ್ತತಿದ್ದಿಲ್ಲ. ಹನಮೇಶ ಒಂದೊಂದು ನಿಮಿಷಕ್ಕೂ ಪರದೆ ತಿರಗಾ ತಿರಗಾ ತಗದು ನೋಡಿದ. ರಾಶಿ ಇಳಕೋತ ಇಳಕೋತ ಮೂರನೇ ಪುಟಕ್ಕ ಬಿತ್ತು. ಪ್ರಿಂಟ್ ತಗಸಾಕ ಬಂದ ಗಿರಾಕಿ ಮ್ಯಾಲ ಒದರಿದ. ಬುತ್ತಿ ಬಿಚ್ಚಲಿಲ್ಲ.

ಕಾವೇರಿ ಬುತ್ತಿ ಡಬ್ಬಿ ಒಯ್ಯಾಕ ಬಂದಾಕಿ, ಅದು ತುಂಬಿದ್ದು ತುಂಬಿದಂಗ ಇದ್ದದ್ದು ನೋಡಿ, "ಏನಾಗೇತೋ ಅಣ್ಣಾ?" ಅಂದ್ಲು.

ಹನಮೇಶ ಮೊದಲ ಏನಿಲ್ಲ ಅಂದ. ಆಮ್ಯಾಲ ತಡೀಲಿಲ್ಲ. ಎಲ್ಲಾ ಹೇಳಿ, "ರಾಶಿ ನಿಂತ್ರ ನಾ ಯಾರ ಹೇಳು?" ಅಂದ. "ಅವ್ವನ ರೊಟ್ಟಿ ತಿಂದು ಪ್ರಿಂಟ್ ಹೊಡಿಯಾಂವ. ಅಷ್ಟ. ನನ್ನ ಕೈಲೆ ಆದದ್ದು ಇದೊಂದ ಐತಿ, ಕಾವೇರಿ. ಇದೊಂದ ಐತಿ." ಅಂದಾಂವ ಗೋಡಿ ಕಡೆ ಮಾರಿ ಮಾಡಿ ಅತ್ತ. ಬಾಜೂ ಖೋಲ್ಯಾಗ ಯಾರೋ ಲಗ್ನದ ಬಯೋಡೇಟಾ ಮಾಡಸಾಕತ್ತಿದ್ರು, ಅವರೂ ಸುಮ್ಮಾದ್ರು.

ಕಾವೇರಿ ಮನಿಗೆ ಹೋಗಿ ಅವ್ವಗ ಹೇಳಿದ್ಲು. ದೇವಕ್ಕ ಎಲ್ಲಾ ಕೇಳಿ, "ಏನು, ಓಟು ಬೇಕೇನು?" ಅಂದ್ಲು. "ಬರೇ ಓಟ? ಅಯ್ಯ, ಅದಕ್ಕ ಅಳತಾನ? ಬೆಂಗೇರಿ ಮಂದಿ ಸತ್ತಾರೇನು?"

ಮರುದಿನ ಮುಂಜಾನೆ ದೇವಕ್ಕ ಮಗನ್ನ ಸತ್ತೂರ ದವಾಖಾನಿಗೆ ಓಡಿಸಿದ್ಲು. ಅಕಿ ಅಣ್ಣ ಹುಚ್ಚಪ್ಪ ಅಲ್ಲಿ ಕಾಲ ಮುರಕೊಂಡು ಬಿದ್ದಿದ್ದ. "ಮಾಮಾಗ ಬುತ್ತಿ ಕೊಟ್ಟು, ಸಂಜಿತನಕ ಅವನ ಹತ್ತರ ಕುಂತು ಬಾ," ಅಂದ್ಲು. ಹನಮೇಶ ಒಲ್ಲೆ ಅಂದ. ದೇವಕ್ಕ ಕೇಳಲಿಲ್ಲ. ಬಸ್ಸ ಹತ್ತಸಾಕ ತಾನ ಹೋದ್ಲು.

ಬಸ್ಸ ಹೋದದ್ದ ತಡ, ಓಣಿ ಎದ್ದು ನಿಂತ್ತು. ಇಲೆಕ್ಷನ್ ಇದ್ದಂಗ ಆತು ನೋಡ್ರಿ. ಗುಲಾಬಸಾಬ ಕೆಫೆ ಬಾಗಲಾಕ ಹಗ್ಗಾ ಕಟ್ಟಿ ಪಾಳಿ ಮಾಡಿದ. ಇವತ್ತ ಯಾರ ಕಡಿಂದೂ ರೊಕ್ಕಾ ಇಸಗೊಳ್ಳಂಗಿಲ್ಲ ಅಂದ. ಮೈಲಾರಪ್ಪ ಗಿರಣಿ ಬಂದ್ ಮಾಡಿ ಮಾರಿ ತೊಳಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ. ಗುಲಾಬಸಾಬನ ಹೇಣ್ತಿ ಅಬೀದಾ ಮನಿಗೆಲಸ ಬಿಟ್ಟು ತಂಗೀರ ಜೋಡಿ ಬಂದ್ಲು. ಕಾವೇರಿ ಕುಂತು ಒಬ್ಬೊಬ್ಬರ ಹೆಸರ ಕೇಳಿ ಖಾತೆ ತಗದು ಕೊಟ್ಲು. ಕಡೀಕೆ ಒಂದು ಉದ್ದಾನ ಇಂಗ್ಲಿಷ್ ಬರತಿತ್ತು, ಅದರ ಕೆಳಗ ಒಪ್ಪಿದೆ ಅಂತ ಒತ್ತಬೇಕು. ಅದನ್ನ ಓದಾಕ ಪುರುಸೊತ್ತು ಯಾರಿಗಿತ್ತು? ಒತ್ತಕೋತ ಹೋದ್ಲು.

ಬಾಣ ಮಾತ್ರ ಪ್ರತಿಯೊಬ್ಬರೂ ತಮ್ಮ ಕೈಲೆ ತಾವ ಒತ್ತಬೇಕು ಅಂತ ದೇವಕ್ಕನ ಹುಕುಂ ಆಗಿತ್ತು. "ಬ್ಯಾರೆದವರು ಒತ್ತಿದ್ರ ಅದು ಕಳ್ಳ ಓಟಾಗತೈತಿ, ನಮಗ ಅದು ಬ್ಯಾಡ," ಅಂತಿದ್ಲು. ಮೌಸ್ ಹಿಡಿಯಾಕ ಬರದವರ ಕೈ ಕಾವೇರಿ ಹಿಡದು ಬಾಣದ ತನಕ ಒಯ್ದು ಬಿಟ್ಲು, ಒತ್ತಿದವರು ಅವರ. ಮೈಲಾರಪ್ಪ ಒತ್ತಿ, ಪರದೆಮ್ಯಾಲ ತನ್ನ ಹೆಸರ ಮೂಡಿದ್ದು ನೋಡಿ, "ಲೇ ಲೇ ಲೇ, ನೋಡ್ರೋ ಇಲ್ಲೆ!" ಅಂತ ಎಲ್ಲಾರನ್ನೂ ಕರದು ತೋರಿಸಿದ. ಇಂಗ್ಲಿಷಿನ್ಯಾಗ ಅಂವ ತನ್ನ ಹೆಸರ ನೋಡಿದ್ದು ಅದ ಮೊದಲ. ದೇವಕ್ಕ ಎಲ್ಲಾರಿಗಿಂತ ಹಿಂದ ಒತ್ತಿದ್ಲು. ಒತ್ತೂಕಿಂತ ಮೊದಲ ಆ ಪರದೆಗೊಂದು ಕುಂಕುಮ ಹಚ್ಚಿದ್ಲು.

ಸಂಜಿಮುಂದ ಹನಮೇಶ ಬಸ್ಸ ಇಳದು ಬಂದ್ರ, ಕೆಫೆ ತುಂಬಾ ಮಂದಿ. ಎಲ್ಲಾರೂ ನಗಕೋತ ಅವನ ಮಾರಿನ ನೋಡಾಕತ್ತಾರ. ಗುಲಾಬಸಾಬ ಅವನ ರಟ್ಟಿ ಹಿಡದು ಎಳಕೊಂಡು ಹೋಗಿ ಕುರ್ಚಿಮ್ಯಾಲ ಕುಂದರಿಸಿ, "ನೋಡಪಾ ನಿನ್ನ ರಾಶಿ!" ಅಂದ.

ಹನಮೇಶ ನೋಡಿದ. ಪರದೆ ನಟ್ಟ ನಡುವ ಕೆಂಪನ್ನ ದೊಡ್ಡ ಗಂಟು. ಬಿಳೀ ಕಾಳು ಅಂದ್ರ ಮೊದಲ ಬಿದ್ದ ಎರಡ. ಇವತ್ತ ಹುಟ್ಟಿದ ಹೆಸರುಗೋಳು, ಎಲ್ಲಾ ಒಂದ ಜಾಗಾದಿಂದ, ಒಂದಕ್ಕ ಒತ್ತಿ ಸುಮ್ಮನಾಗ್ಯಾವ. ಇಂಥಾ ಗಂಟನ್ನ ಅಂವ ಹಿಂದ ತಾನ ಹಿಡದು ಕೊಟ್ಟಿದ್ದ. ಇದು ಅದಕ್ಕಿಂತ ದೊಡ್ಡದಿತ್ತು.

"ಎಷ್ಟ ಕೆಂಪಗ ಐತಲ್ಲೋ, ಚಂದ ಕಾಣತೈತಿ," ಅಂದ್ಲು ದೇವಕ್ಕ.

ಏನ ಮಾಡಿದ್ರಿ ಅಂತ ಒದರಬೇಕು ಅಂತ ಹನಮೇಶಗ ಅನಿಸ್ತು. ಎಲ್ಲಾರ ಮಾರಿ ನೋಡಿದ. ಮೈಲಾರಪ್ಪ ಇಸ್ತ್ರಿ ಅಂಗಿ ಇನ್ನೂ ಬಿಚ್ಚಿದ್ದಿಲ್ಲ. "ಛಲೋ ಆತ್ರಿ," ಅಂದ ಹನಮೇಶ. ಮಂದಿ ಚಪ್ಪಾಳಿ ಹೊಡದು ಮನಿಗೆ ಹೋದ್ರು.

ಮರುದಿನ ಸೈಟಿನವರ ಕಡಿಂದ ಮೇಲ್ ಬಂತು. ಹಿಂದ ಉಪಕಾರ ಆತು ಅಂತ ಬರದಿದ್ದ ಹೆಣ್ಣಮಗಳ ಬರದಿದ್ಲು. ಬೈದಿದ್ದಿಲ್ಲ, ಬೈದಿದ್ರ ಪಾಡಿತ್ತು. ನಿನ್ನ ರಾಶಿಯಾಗ ನಾವ ನೋಡಿದ್ವಿ, ನಮಗ ನಂಬಾಕ ಆಗವಲ್ದು. ಇವರನ್ನೆಲ್ಲಾ ನೀ ಕೂಡಿಸಿದ್ದ ಖರೇ ಆದ್ರ, ಮಂದಿ ಕೂಡಿಸಿ ಓಟು ಹಾಕಸಬಾರದು ಅನ್ನೂ ಕಾನೂನು ಎಲ್ಲಾರಿಗೂ ಒಂದ, ರಾಶಿನ್ನ ತಗದ ಹಾಕತೀವಿ. ನಿಂಗ ಆಗದವರು ಯಾರೋ ಸುಳ್ಳ ಹೆಸರು ಮಾಡಿ ಹಿಂಗ ಮಾಡಿದ್ರ, ಇವರು ಯಾರೂ ಖರೇ ಮಂದಿ ಅಲ್ಲ, ನನಗ ಇವರ ಗುರ್ತಿಲ್ಲ ಅಂತ ಎರಡ ಸಾಲು ಬರೀ. ಆ ಹೆಸರು ಅಳಿಸತೀವಿ. ಆ ಓಟು ಬಿಟ್ಟು ರಾಶಿನ್ನ ಅದರ ಗುಣದ ಮ್ಯಾಲ ನೋಡತೀವಿ. ಇವತ್ತ ಸಂಜಿ ಒಳಗ ಹೇಳು.

ಹನಮೇಶ ಬರ್ಯಾಕ ಕುಂತ. ಮೊದಲ ಖರೇನ ಬರದ. ಇವರು ನನ್ನ ಮಂದಿ. ಇಲ್ಲಿ ಮನಿಮನಿಗೆ ಕಂಪ್ಯೂಟರ್ ಇರಂಗಿಲ್ಲ, ಒಂದ ಕೆಫೆದಾಗ ಓಣಿ ಎಲ್ಲಾ ಕುಂದರತೈತಿ. ಕಳ್ಳ ಓಟು ಹಾಕಬಾರದು ಅಂತ ನಮ್ಮವ್ವ ಒಬ್ಬೊಬ್ಬರ ಕೈಲೆ ಒತ್ತಿಸ್ಯಾಳ. ಅವರಿಗೆ ನಿಮ್ಮ ಕಾನೂನು ಗೊತ್ತಿಲ್ಲ, ಗೊತ್ತಿದ್ರ ಮಾಡತಿದ್ದಿಲ್ಲ. ಉದ್ದಾನುದ್ದ ಬರದು ಓದಿ ನೋಡಿದ. ಓದಿದ್ರ ಅವಂಗ ತಿಳೀತು, ಇದನ್ನ ಕಳಿಸಿದ್ರ ಅಕಿ ಅಯ್ಯೋ ಪಾಪ ಅಂತಾಳ, ಅಂದು ಬಾಗಲಾ ಮುಚ್ಚತಾಳ.

ಆ ಹೊತ್ತಿಗೆ ಕರೆಂಟ್ ಹೋತು, ಬರದದ್ದೆಲ್ಲಾ ಅಳಿಸಿತು, ಮತ್ತ ಬರ್ಯಾಕ ಯಾಳೇ ಉಳೀಲಿಲ್ಲ ಅಂತ ಹನಮೇಶ ಮುಂದ ತನಗ ತಾನ ಹೇಳಿಕೋತಿದ್ದ. ಸುಳ್ಳು. ಅವತ್ತ ಕರೆಂಟ್ ಹೋಗಲಿಲ್ಲ. ತಾನ ಅಳಿಸಿದ. ಅಳಿಸಿ, ಎರಡ ಸಾಲು ಬರದ. ಈ ಹೆಸರಿನವರು ಯಾರೂ ಖರೇ ಮಂದಿ ಅಲ್ಲ. ನನಗ ಇವರ ಗುರ್ತಿಲ್ಲ. ಬಾಜೂದಾಗ ಗುಲಾಬಸಾಬ ಚಹಾ ತಂದು ಇಟ್ಟು, "ಬಿಸಿ ಐತಿ, ಕುಡಿ," ಅಂದು ಹೋದ. ಅಂವ ಅತ್ತಾಗ ಹೋಗೂತನಕ ತಡದು ಹನಮೇಶ ಕಳಸೂ ಗುಂಡಿ ಒತ್ತಿದ.

ಶನಿವಾರ ರಾಶಿ ಉಳೀತು. ಇಟ್ಟುಕೊಂಡಾವುಗಳ ಪಟ್ಟ್ಯಾಗ ಹನಮೇಶನ ಹೆಸರು, ಅದರ ಬಾಜೂಕ ಹುಬ್ಬಳ್ಳಿ ಅಂತ ಇತ್ತು. ಓಣಿ ತಮ್ಮ ಓಟಿನಿಂದನ ಗೆದ್ದ ಅಂತ ಕುಣೀತು. ಹನಮೇಶ ಅವರ ನಡುವ ನಿಂತು ನಕ್ಕ. ಇಷ್ಟ ದಿನ ಬೇಡಿಕೊಂಡಿದ್ದು ಕೈಗೆ ಬಂದಿತ್ತು, ಅದನ್ನ ತಗದು ನೋಡೂ ಧೈರ್ಯ ಅವಂಗ ಇದ್ದಿಲ್ಲ.

ದೇವಕ್ಕಗ ರುಚಿ ಹತ್ತಿತ್ತು. ರೊಟ್ಟಿ ಮುಗಿಸಿ ಕಾವೇರಿನ್ನ ಕರಕೊಂಡು ಕೆಫೆಕ ಬಂದು, "ಇವತ್ತ ಮತ್ತೇನರ ಒತ್ತೂದೈತೇನ ನೋಡು, ನನ್ನ ಹೆಸರ ತಗಿ," ಅಂದ್ಲು. ಕಾವೇರಿ ಹೆಸರ ಹೊಡದ್ಲು. ಹೆಸರು ತಗೀಲಿಲ್ಲ, ಒಂದು ಸಾಲು ಬಂತು. ಅಬೀದಾನ್ನ ಹೊಡದ್ಲು, ಗುಲಾಬಸಾಬನ್ನ ಹೊಡದ್ಲು. ಅದ ಸಾಲು.

"ಏನ ಅಂತೈತಿ?" ಅಂದ್ಲು ದೇವಕ್ಕ. "ನಾನೇನರ ತಪ್ಪ ಒತ್ತೇನೇನು?"

ಕಾವೇರಿ ಸಾಲು ಇನ್ನೊಮ್ಮೆ ಓದಿದ್ಲು, ಇದು ಸುಳ್ಳ ಹೆಸರು, ಅಳಿಸೇವಿ ಅಂತಿತ್ತು. ಓದಿ ಅಣ್ಣನ ಕಡೆ ತಿರುಗಿ ನೋಡಿದ್ಲು. ಅವನ ಮಾರಿ ಮ್ಯಾಲ ಎಲ್ಲಾ ಇತ್ತು. "ನೀನ ಓದಿ ಹೇಳು ಅವ್ವಗ," ಅಂದ್ಲು.

ಹನಮೇಶ ಓದಲಿಲ್ಲ. ನಡದದ್ದು ನಡದಂಗ ಹೇಳಿದ. "ಯವ್ವಾ, ನೀವ್ಯಾರೂ ಖರೇ ಮಂದಿ ಅಲ್ಲ ಅಂತ ನಾನ ಬರದು ಕೊಟ್ಟೇನಿ. ಇಲ್ಲಾಂದ್ರ ರಾಶಿ ಹೋಗತಿತ್ತು."

ದೇವಕ್ಕ ಪರದೆ ಬಿಟ್ಟು ಮಗನ ಕಡೆ ತಿರುಗಿದ್ಲು. "ಅವ್ವನ ಗುರ್ತಿಲ್ಲಂತ ಬರದಿ?"

"ಹೂಂ."

"ನಂದು ಬಿಡು. ನಾ ಹಡದಾಕಿ, ನೀ ಒದ್ರೂ ಒದಸಿಕೋತೇನಿ. ಆ ಗುಲಾಬಸಾಬ ನಿಂಗೇನಾಗಬೇಕಿತ್ತೋ? ಮೈಲಾರಪ್ಪಗ ಏನ ಬಂದಿತ್ತು ಗಿರಣಿ ಮುಚ್ಚಿ ಬರಾಕ?" ಅಕಿ ದನಿ ಏರಲಿಲ್ಲ, ಅದ ಅವಂಗ ಹೆಚ್ಚಿನ ತ್ರಾಸ ಆತು. "ನನಗ ಹೇಳಿದ್ಯಲ್ಲ, ಇಷ್ಟಕ್ಕ ಮುಗೀತಂತ ತಿಳಕೋಬ್ಯಾಡ. ಒಬ್ಬೊಬ್ಬರಿಗೂ ನೀನ ಹೇಳಬೇಕು. ನಾ ಹೇಳಂಗಿಲ್ಲ, ಕಾವೇರಿನೂ ಹೇಳಂಗಿಲ್ಲ." ಅಂದು ಸೆರಗು ಹೊತ್ತುಕೊಂಡು ಎದ್ದು ಹೋದ್ಲು. ಕಾವೇರಿ ಅಕಿ ಹಿಂದ ಹೋದ್ಲು.

ಹನಮೇಶ ಗುಲಾಬಸಾಬಗ ಹೇಳೂಣಂತ ಗಲ್ಲಾ ಕಡೆ ಹೋದ. ಗುಲಾಬಸಾಬ ನಮಾಜಿಗೆ ಹೋಗಿದ್ದ. ಕಾಯಕೋತ ನಿಂತ. ಅಷ್ಟರಾಗ ಬಾಗಲದಾಗ ಮೈಲಾರಪ್ಪ ಬಂದ. ಅವನ ಹಿಂದ ರುಮಾಲಾ ಸುತ್ತಿದ ಹಿರ್ಯಾರೊಬ್ಬರು, ಅವರ ಜೋಡಿ ಇಬ್ಬರು ಹೆಣ್ಣಮಕ್ಕಳು, ಎಲ್ಲಾರೂ ಹೊಸಾ ಬಟ್ಟಿ.

"ಹನಮೇಶಾ, ನಮ್ಮ ಹೊಸಾ ಬೀಗರು ಬಂದಾರಪಾ," ಅಂದ ಮೈಲಾರಪ್ಪ. "ಪರದೇಶದ ಸೈಟಿನ್ಯಾಗ ನನ್ನ ಹೆಸರ ಐತಿ ಅಂದ್ರ ಇವರು ನಂಬವಲ್ಲರು. ಒಂದೀಟ ತಗದು ತೋರಸು."

ಬೀಗರು ನಗಕೋತ ಒಳಗ ಬಂದು ಕುರ್ಚಿ ಎಳಕೊಂಡು ಕುಂತ್ರು. ಇವರ ಮುಂದ ಬ್ಯಾಡ, ನಾಳೆ ಹೇಳೂಣು ಅಂತ ಹನಮೇಶಗ ಅನಿಸ್ತು. ನಾಳೆ ಅಂದ್ರ ಎಂದೂ ಹೇಳಂಗಿಲ್ಲ ಅನ್ನೂದೂ ಅವಂಗ ಗೊತ್ತಿತ್ತು.

"ಕಾಕಾ," ಅಂದ, "ನಿಮ್ಮ ಹೆಸರು ಅಲ್ಲಿಲ್ಲ. ಅಂಥಾ ಮನುಷ್ಯಾನ ಇಲ್ಲ, ನನಗ ಗುರ್ತಿಲ್ಲ ಅಂತ ನಾನ ಬರದು ಅಳಿಸಿ ಹಾಕಿಸೇನ್ರಿ."

ಮೈಲಾರಪ್ಪ ಅವನ ಮಾರಿನ್ನ ನೋಡಿದ. ಆಮ್ಯಾಲ ಬೀಗರ ಕಡೆ ತಿರುಗಿ ದೊಡ್ಡ ದನೀಲೆ ನಕ್ಕ. "ನಮ್ಮ ಮನಿ ಹುಡುಗ ಇದ್ದಂಗ್ರಿ ಇಂವ, ಭಾಳ ಚ್ಯಾಷ್ಟಿ ಮಾಡತಾನ," ಅಂದು, ಅವರ ಬಾಜೂಕ ನಿಂತು, ಪರದೆ ಕಡೆ ಮಾರಿ ಮಾಡಿ ತನ್ನ ಹೆಸರ ಬರೂದನ್ನ ಕಾಯಾಕ ಹತ್ತಿದ.